ವಿಲ್ಲೋ ಸೊಪ್ಪು ಕೊಟ್ಟು ಖನಿಜ ಮಿಶ್ರಣ ನಿಲ್ಲಿಸಬಹುದಾ?

ಆನೇಕಲ್ ಹತ್ತಿರ ಎರಡು ಹಸು ಇವೆ, ವಿಲ್ಲೋ ಮರ ಬೆಳೆಸಿ ಸೊಪ್ಪು ಕೊಟ್ಟರೆ ಖನಿಜ ಮಿಶ್ರಣ ನಿಲ್ಲಿಸಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ.

ವಿಲ್ಲೋ ಎಲೆಯಲ್ಲಿ ಸತು, ಕೋಬಾಲ್ಟ್ ಜಾಸ್ತಿ ಇರುವುದು ನಿಜ. ಆದರೆ ಅದು ಹೆಚ್ಚಾಗಿ ಕಾಶ್ಮೀರದಂಥ ತಂಪು ಜಾಗದ ಮರ. ಅಲ್ಲದೆ, ಸತು ಎಳೆದುಕೊಳ್ಳುವ ಬೇರು ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಂಗಳೂರಿನ ಸುತ್ತ ಯಾವ ಮರ ಅನ್ನುವಷ್ಟೇ ಎಲ್ಲಿಯ ಮರ ಅನ್ನೋದೂ ಮುಖ್ಯ. ಕಾರ್ಖಾನೆ ನೀರು ಸೇರುವ ರಾಜಕಾಲುವೆ, ಕೆರೆ ಅಂಚಿನ ಸೊಪ್ಪು ಎಷ್ಟೇ ಹಸಿರಾಗಿ ಕಂಡರೂ ಕಡಿದು ತರಬೇಡಿ.

ನಿಮ್ಮ ಬದುವಿಗೆ ನುಗ್ಗೆಯೇ ಸರಿ. ಎಳೆ ರೆಂಬೆ ಕತ್ತರಿಸಿ ರಾಗಿ ಹುಲ್ಲಿನ ಜೊತೆ ಬೆರೆಸಿ ಕೊಡಿ. ಕ್ಯಾಲ್ಸಿಯಂ, ಕಬ್ಬಿಣ, ಪ್ರೋಟೀನ್ ಚೆನ್ನಾಗಿ ಸಿಗುತ್ತದೆ. ಸತು, ತಾಮ್ರದ ಕೊರತೆಯೂ ಅದರಿಂದಲೇ ನೀಗುತ್ತದೆ ಎಂದು ಸುಮ್ನೆ ಕೂರಬೇಡಿ. ಸುಬಾಬುಲ್ ಎಂಬ ಮೇವಿನ ಮರ ಇದ್ದರೆ ಅದರ ಸೊಪ್ಪು ಮೇವಿನ ಮೂರನೇ ಒಂದು ಭಾಗ ದಾಟಬಾರದು, ಅದರಲ್ಲಿ ಮೈಮೋಸಿನ್ ಎಂಬ ವಿಷವಿದೆ.

ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆಯೇ ಇದೆ ಅಲ್ವಾ, ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣದ ಬಗ್ಗೆ ಅಲ್ಲಿ ವಿಚಾರಿಸಿ. ದೊಡ್ಡ ಹಸುವಿಗೆ ಸಾಮಾನ್ಯವಾಗಿ ದಿನಕ್ಕೆ 50 ಗ್ರಾಂ. ಕುರಿ ಸಾಕಿದ್ದರೆ ಮಾತ್ರ ಹಸುವಿನ ಮಿಶ್ರಣ ಅದಕ್ಕೆ ಹಾಕಬೇಡಿ, ತಾಮ್ರ ಹೆಚ್ಚಾದರೆ ಕುರಿ ಸಾಯುತ್ತದೆ.