ಎಂಟು ಹಾಡಿಗೆ ಎಂಟು ವಿಡಿಯೊ ಯಾಕಪಾ?

(ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ಧ್ವನಿಮುದ್ರಕರೊಬ್ಬರ ಉತ್ತರ)

ಪ್ರಶ್ನೆ: ಸರ್, ನಾನು ಇನ್ನೂ ಇಪ್ಪತ್ತೈದರವ. ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದೆ. ಒಬ್ಬ ಪುಣೆಗೆ, ಇನ್ನೊಬ್ಬ ಬೆಂಗಳೂರಿಗೆ ಹೋಗಿ ಬ್ಯಾಂಡ್ ಚದುರಿತು. ಗಿಟಾರ್, ಬೇಸ್, ಗಾಯನ ಎಲ್ಲ ನಾನೇ, ಡ್ರಮ್ಸ್ ಮಾತ್ರ ಕಂಪ್ಯೂಟರಿನಲ್ಲಿ ಕೂರಿಸಿ, ಮನೆಯಲ್ಲೇ ಎಂಟು ಹಾಡಿನ ಆಲ್ಬಂ ಮುಗಿಸಿದ್ದೇನೆ. ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆ. ಎಂಟಕ್ಕೂ ವಿಡಿಯೊ ಮಾಡುವ ಆಸೆ, ಅದರಲ್ಲಿ ಒಂದು ಗೋಳಗುಮ್ಮಟದೊಳಗೆ. ಎರಡು ಹಾಡು ಕಳಿಸಿದ್ದೇನೆ, ಕೇಳಿ ಹೇಳಿ. — ಹೆಸರು ಬೇಡ, ವಿಜಯಪುರ

ಉತ್ತರ: ಬ್ಯಾಡ ತಮ್ಮಾ. ಒಂದು ವಿಡಿಯೊ ಸಾಕು, ಅದೂ ಎಲ್ಲ ಮುಗಿದ ಮೇಲೆ.

ನೀನು ಕಳಿಸಿದ ಎರಡನೆಯ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿದೆ, ಆಮೇಲೆ ಕಾರಿನಲ್ಲಿ ಹಾಕಿಕೊಂಡು ಖಾನಾಪುರ ರಸ್ತೆಯಲ್ಲಿ ಹೋದೆ. ಪಲ್ಲವಿ ಶುರುವಾದದ್ದೇ ತಡ, ಎಡಕ್ಕೊಂದು ಬಲಕ್ಕೊಂದು ಗಿಟಾರ್ ಎದ್ದು ಬಂದು ನಿನ್ನ ದನಿಯನ್ನು ಹೂತುಬಿಡುತ್ತವೆ. ‘ಬಿಸಿಲು’ ಅನ್ನುವಲ್ಲಿ ‘ಸಿ’ ಕಿವಿಗೆ ಚುಚ್ಚುತ್ತದೆ, ‘ಲು’ ಕೇಳುವುದೇ ಇಲ್ಲ. ಸಾಲು ಬರೆದವನು ನೀನು, ನಿನಗದು ಬಾಯಿಪಾಠ. ಹಾಗಾಗಿ ದನಿ ಮುಳುಗಿದರೂ ನಿನಗೆ ಕೇಳಿಸುತ್ತದೆ, ನಮಗಿಲ್ಲ. ಎರಡರಿಂದ ನಾಲ್ಕು ಕಿಲೊಹರ್ಟ್ಸ್ ಕಂಪನಾಂಕದ ನಡುವೆ ಗಿಟಾರನ್ನು ಸ್ವಲ್ಪ ಇಳಿಸಿ ನೋಡು, ಮಾತು ಬಿಡಿಸಿ ಕೇಳುವುದು ಅಲ್ಲೇ. ಡ್ರಮ್ಸ್ ಇನ್ನೊಂದು ತಕರಾರು. ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಪ್ರತಿ ಪೆಟ್ಟೂ ಒಂದೇ ಜೋರಿನದು, ಮನುಷ್ಯನ ಕೈ ಹಾಗೆ ಬಡಿಯುವುದಿಲ್ಲ.

ಒಬ್ಬನೇ ಮಾಡಿದ್ದು ತಪ್ಪಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1970ರಲ್ಲಿ ಹೊರತಂದ ಮೊದಲ ಸೋಲೊ ಆಲ್ಬಂನ ಬಹುಭಾಗವನ್ನು ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರ ಇಟ್ಟುಕೊಂಡು, ವಾದ್ಯವೆಲ್ಲ ತಾನೇ ನುಡಿಸಿ ಮಾಡಿದ. ನಿರ್ವಾಣ ಬ್ಯಾಂಡಿನ ಡ್ರಮ್ಮರ್ ಆಗಿದ್ದ ಡೇವ್ ಗ್ರೋಲ್ 1994ರ ಅಕ್ಟೋಬರಿನಲ್ಲಿ ಸಿಯಾಟಲ್ ಬಳಿಯ ಸ್ಟುಡಿಯೊದಲ್ಲಿ ಸುಮಾರು ಒಂದು ವಾರ ಕೂತು, ಮುಂದೆ ಫೂ ಫೈಟರ್ಸ್ ಹೆಸರಿನಲ್ಲಿ ಬಂದ ಮೊದಲ ಆಲ್ಬಂ ಮುದ್ರಿಸಿದ. ಡ್ರಮ್ಸು, ಗಿಟಾರು, ಬೇಸು, ಗಾಯನ, ಹೆಚ್ಚುಕಡಿಮೆ ಎಲ್ಲ ಅವನದೇ. ಆದರೆ ಮುದ್ರಿಸುವಾಗ ಪಕ್ಕದಲ್ಲಿ ಧ್ವನಿಮುದ್ರಕ ಬ್ಯಾರೆಟ್ ಜೋನ್ಸ್ ಕೂತಿದ್ದ, ಮಿಕ್ಸಿಂಗನ್ನು, ಅಂದರೆ ಎಲ್ಲ ದನಿಗಳನ್ನು ಹದವಾಗಿ ಬೆರೆಸುವ ಕೆಲಸವನ್ನು, ಬೇರೆ ಇಬ್ಬರ ಕೈಗೆ ಕೊಟ್ಟ. ನಿನ್ನ ಲಕ್ಷದಲ್ಲಿ ದೊಡ್ಡ ಪಾಲು ಹೋಗಬೇಕಾದದ್ದು ಅಲ್ಲಿಗೇ: ‘ಈ ಗಿಟಾರ್ ಸೋಲೊ ಉದ್ದ ಆಯ್ತು, ಕತ್ತರಿಸು’ ಎಂದು ಮುಖದ ಮೇಲೆ ಹೇಳುವ ಒಬ್ಬ ಮಿಕ್ಸಿಂಗ್ ಎಂಜಿನಿಯರಿಗೆ. ಉಳಿದರೆ ಎರಡು ಹಾಡಿಗಾದರೂ ಜೀವಂತ ಡ್ರಮ್ಮರ್ ಕರೆಸು. ಗೆಳೆಯರನ್ನು ಕೇಳಬೇಡ, ಅವರು ‘ಭಾರೀ ಆಗೇದ ಬಿಡೋ’ ಅನ್ನುತ್ತಾರೆ.

ಇನ್ನು ಗೋಳಗುಮ್ಮಟ. ಅದು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಮುಂಚಿತವಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಅನುಮತಿ ಪಡೆಯದೆ ಚಿತ್ರೀಕರಣ ನಡೆಯದು. ಸಿಕ್ಕರೂ ಒಳಗೆ ಒಂದು ಚಪ್ಪಾಳೆ ಏಳು ಸಲವೋ ಇನ್ನೂ ಹೆಚ್ಚೋ ಮರಳಿ ಬರುತ್ತದೆ. ಸ್ಪೀಕರಿನಲ್ಲಿ ಹಾಡು ಹಾಕಿ ತುಟಿ ಕೂಡಿಸಲು ಹೋದರೆ ಹಿಂದಿನ ತಾಳ ಮುಂದಿನದರ ಮೇಲೆ ಬಂದು ಬೀಳುತ್ತದೆ. ಕಿವಿಯೊಳಗೆ ಇಯರ್‌ಫೋನ್ ಬೇಕೇ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ನೋಡುವವರ ಕಣ್ಣು ಗುಮ್ಮಟದ ಮೇಲೇ, ನಿನ್ನ ಮೇಲಲ್ಲ.

ನಿಮ್ಮ ಮನೆಯ ಮಾಳಿಗೆ ಏರು. ಬೆಳಗ್ಗೆ ಆರೂವರೆಯಿಂದ ಎಂಟರೊಳಗೆ ಮುಗಿಸು, ಆಮೇಲೆ ನಿಮ್ಮೂರ ಬಿಸಿಲು ಕಣ್ಣು ಬಿಡಗೊಡುವುದಿಲ್ಲ. ಒಂದು ಉಪಾಯ: ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿಕೊಂಡು ಹಾಡು, ಸೆಕೆಂಡಿಗೆ 50 ಫ್ರೇಮಿನಲ್ಲಿ ಚಿತ್ರೀಕರಿಸಿ, 25ರಲ್ಲಿ ಓಡಿಸು. ತುಟಿ ಸರಿಯಾಗಿ ಕೂಡುತ್ತದೆ, ಕೂದಲು, ಅಂಗಿ, ಒಣಹಾಕಿದ ಬಟ್ಟೆ ಎಲ್ಲ ನಿಧಾನ ತೇಲುತ್ತವೆ. ಅಮೆರಿಕದ ಓಕೆ ಗೋ ಎಂಬ ರಾಕ್ ತಂಡ 2006ರಲ್ಲಿ ಎಂಟು ಟ್ರೆಡ್‌ಮಿಲ್ ಸಾಲಾಗಿಟ್ಟು, ಕ್ಯಾಮೆರಾ ಅಲುಗಿಸದೆ, ಒಂದೇ ಟೇಕಿನಲ್ಲಿ ಮಾಡಿದ ವಿಡಿಯೊಕ್ಕೆ ಗ್ರ್ಯಾಮಿ ಬಂತು. ದುಡ್ಡಿಗಿಂತ ತಾಲೀಮಿನ ಕೆಲಸ ಅದು.

ಪ್ರಶ್ನೆ: ಶಿಶುನಾಳ ಶರೀಫರ ಪದ, ಬೇಂದ್ರೆಯವರ ಕವನ ಎರಡನ್ನೂ ರಾಕ್ ಧಾಟಿಯಲ್ಲಿ ಹಾಡಿ ಆಲ್ಬಂಗೆ ಹಾಕಬಹುದೇ? — ಓದುಗರು, ಜಮಖಂಡಿ

ಉತ್ತರ: ಶರೀಫರು ತೀರಿಕೊಂಡದ್ದು 1889ರಲ್ಲಿ, ಪದಗಳಿಗೆ ಯಾರನ್ನೂ ಕೇಳಬೇಕಿಲ್ಲ. ಆದರೆ ಧಾಟಿ ನಿಮ್ಮದೇ ಇರಲಿ. ಸಿ. ಅಶ್ವತ್ಥ್ ಕೂರಿಸಿದ ರಾಗವನ್ನು ಎತ್ತಿದರೆ ಅದು ಅವರ ಸಂಗೀತ, ಅದರ ಹಕ್ಕು ಬೇರೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ನಮ್ಮ ಕಾಯ್ದೆಯಲ್ಲಿ ಕವಿಯ ಹಕ್ಕು ಮರಣಾನಂತರ 60 ವರ್ಷ, ಅಂದರೆ 2041 ಮುಗಿಯುವವರೆಗೆ. ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಫೋನಿನಲ್ಲಿ ‘ಹೂಂ’ ಅಂದರೆ ಸಾಲದು.

ಪ್ರಶ್ನೆ: ಮಗ ತನ್ನ ಆಲ್ಬಂ ಸಿ.ಡಿ. ಹೊಡೆಸಬೇಕು ಅಂತಾನೆ. ಖರ್ಚು ಮಾಡಲೇ? — ಓದುಗರು, ಗೋಕಾಕ

ಉತ್ತರ: ಸಿ.ಡಿ. ಹಾಕುವ ಯಂತ್ರ ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಿದೆ ತಾಯಿ? ಪೆನ್‌ಡ್ರೈವ್‌ಗೆ ತುಂಬಿ ಕೊಡಲಿ, ಕಬ್ಬಿನ ಟ್ರ್ಯಾಕ್ಟರಿನವರಾದರೂ ಹಾಕುತ್ತಾರೆ. ಆನ್‌ಲೈನ್‌ಗೆ ಏರಿಸುವಾಗ ಪ್ರತಿ ಹಾಡಿಗೂ ಐಎಸ್‌ಆರ್‌ಸಿ (ಆ ಧ್ವನಿಮುದ್ರಣವನ್ನು ಗುರುತಿಸುವ) ಸಂಖ್ಯೆ ಸಿಕ್ಕಿದೆಯೇ ಎಂದು ಮಾತ್ರ ವಿಚಾರಿಸಿಕೊಳ್ಳಲಿ.