ಬಾಡಿಗೆ ಪಿಕಪ್ ಹಿಂದೆ ಟ್ರೇಲರ್ ಕಟ್ಟುವ ಮುಂಚೆ

ನಿಮ್ಮ ಪ್ರಶ್ನೆ ಓದಿದೆ. ಸನ್ನಿವೇಲ್‌ನ ಅಪಾರ್ಟ್‌ಮೆಂಟ್ ಬಿಟ್ಟು ಮುಂದಿನ ತಿಂಗಳು ಮೌಂಟನ್ ಹೌಸ್ ಅನ್ನುವ ಊರಿಗೆ ಹೋಗುತ್ತಿದ್ದೀರಿ. ಕ್ಯಾಲಿಫೋರ್ನಿಯಾ ಲೈಸೆನ್ಸ್ ಸಿಕ್ಕಿ ನಾಲ್ಕು ತಿಂಗಳಾಗಿದೆ. ಸಾಮಾನು ಸಾಗಿಸುವವರು ಹೇಳಿದ ರೇಟ್ ಕೇಳಿ ತಲೆ ತಿರುಗಿದೆ. ಆಫೀಸಿನ ಸ್ನೇಹಿತರೊಬ್ಬರು "ಒಂದು ಪಿಕಪ್ ಬಾಡಿಗೆಗೆ ತಗೊಂಡು ಹಿಂದೆ ಟ್ರೇಲರ್ ಕಟ್ಟು, ಎರಡು ಟ್ರಿಪ್‌ಗೆ ಮುಗೀತು" ಅಂದಿದ್ದಾರೆ. ಯಾವ ಪಿಕಪ್ ಆದರೂ ಆಗುತ್ತಾ, ಬೇರೆ ಲೈಸೆನ್ಸ್ ಬೇಕಾ, ರಿವರ್ಸ್ ತೆಗೆಯೋದು ಕಷ್ಟಾನಾ ಅಂತ ಕೇಳಿದ್ದೀರಿ.

ಲೈಸೆನ್ಸ್ ವಿಷಯ ಮೊದಲು ಮುಗಿಸುತ್ತೇನೆ. ನಿಮ್ಮ ಹತ್ತಿರ ಇರುವ ಸಾಮಾನ್ಯ ಕ್ಲಾಸ್ ಸಿ ಸಾಕು. ಅದರಲ್ಲಿ ಒಂದು ಟ್ರೇಲರ್ ಎಳೆಯಬಹುದು, ಟ್ರೇಲರಿನ ಒಟ್ಟು ತೂಕದ ಮಿತಿ 10,000 ಪೌಂಡ್ ದಾಟಬಾರದು. ಮನೆ ಸಾಮಾನಿಗೆ ಸಿಗುವ ಬಾಡಿಗೆ ಟ್ರೇಲರ್‌ಗಳು ಅದರ ಹತ್ತಿರವೂ ಬರುವುದಿಲ್ಲ.

ಯಾವ ಪಿಕಪ್ ಆದರೂ ಆಗುತ್ತಾ ಅಂದರೆ, ಖಂಡಿತ ಆಗಲ್ಲ. ಇಲ್ಲಿ ನಾನು ದುಡ್ಡು ಕೊಟ್ಟು ಕಲಿತ ಪಾಠ ಇದೆ, ಸ್ವಲ್ಪ ಕೂತು ಕೇಳಿ.

ನಾನು ಬಂದ ಎರಡನೇ ವರ್ಷ. ಏರ್‌ಪೋರ್ಟ್ ಹತ್ತಿರದ ಒಂದು ಕಾರ್ ಬಾಡಿಗೆ ಕೌಂಟರ್‌ನಲ್ಲಿ ಒಳ್ಳೆ ಹೊಸ ಪಿಕಪ್ ಸಿಕ್ಕಿತು. ವಾರಾಂತ್ಯದ ಆಫರ್ ಬೇರೆ. ಹಿಂದೆ ಬಂಪರ್ ಕೆಳಗೆ ಚೌಕಾಕಾರದ ತೂತು ಇತ್ತು. ಅದಕ್ಕೆ ರಿಸೀವರ್ ಅನ್ನುತ್ತಾರೆ. ತೂತು ಇದೆ ಅಂದಮೇಲೆ ಎಳೆಯಬಹುದು ಅಂತ ನಾನೇ ತೀರ್ಮಾನ ಮಾಡಿದೆ. ಅಂಗಡಿಯಲ್ಲಿ ಬಾಲ್ ಮೌಂಟ್ (ಟ್ರೇಲರ್ ಕೂರಿಸಲು ತುದಿಯಲ್ಲಿ ಗುಂಡು ಇರುವ ಕಬ್ಬಿಣದ ತುಂಡು) ಕೊಂಡು ಸಿಕ್ಕಿಸಿದೆ, ಇನ್ನೊಂದು ಕಡೆ ಟ್ರೇಲರ್ ಬಾಡಿಗೆಗೆ ತಂದೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಿವರ್ಸ್ ತೆಗೆಯುವಾಗ ಟ್ರೇಲರ್ ಮಡಚಿಕೊಂಡು ಅದರ ಮೂತಿ ಬಂದು ಪಿಕಪ್‌ನ ಬಲಗಡೆ ಟೈಲ್ ಲೈಟಿಗೆ ಬಡಿಯಿತು. ಲೈಟ್ ಪುಡಿ, ಬಾಡಿಯಲ್ಲಿ ಮುಷ್ಟಿಯಷ್ಟು ತಗ್ಗು.

ಇನ್ಶೂರೆನ್ಸ್ ತಗೊಂಡಿದ್ದೆ, ಹಾಗಾಗಿ ಚಿಂತೆ ಇರಲಿಲ್ಲ. ಗಾಡಿ ವಾಪಸ್ ಕೊಟ್ಟಾಗ ಕೌಂಟರಿನವನು ಒಪ್ಪಂದದ ಎರಡನೇ ಪುಟ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಪೆನ್ ಇಟ್ಟ. ಈ ವಾಹನದಿಂದ ಏನನ್ನೂ ಎಳೆಯುವ ಹಾಗಿಲ್ಲ. ಎಳೆದರೆ ಒಪ್ಪಂದ ಮುರಿದ ಹಾಗೆ, ಮುರಿದರೆ ನಾನು ತಗೊಂಡ ರಕ್ಷಣೆಯೂ ರದ್ದು. ಕ್ರೆಡಿಟ್ ಕಾರ್ಡ್‌ನವರೂ ಅದೇ ಮಾತು ಹೇಳಿ ಕೈ ತೊಳೆದುಕೊಂಡರು. 1,400 ಡಾಲರ್ ನನ್ನ ಜೇಬಿನಿಂದ ಹೋಯಿತು. ಸಿಟ್ಟು ಬಂದಿದ್ದು ನಿಜ, ಆದರೆ ಸಹಿ ಹಾಕಿದ್ದು ನಾನೇ ಅಲ್ವಾ.

ಸಾಮಾನ್ಯ ಕಾರ್ ಬಾಡಿಗೆ ಕಂಪನಿಗಳಲ್ಲಿ ಹೆಚ್ಚಿನವುಗಳ ನಿಯಮ ಇವತ್ತಿಗೂ ಇದೇ. ಗಾಡಿಗೆ ಎಳೆಯುವ ತಾಕತ್ತು ಇರುವುದು ಬೇರೆ, ಎಳೆಯಲು ಅನುಮತಿ ಇರುವುದು ಬೇರೆ. ಎಳೆಯಬಹುದು ಅಂತ ಬರೆದು ಕೊಡುವವರ ಹತ್ತಿರವೇ ತಗೊಳ್ಳಿ. ಸುಲಭದ ದಾರಿ ಯು-ಹಾಲ್‌ನಂಥ ಕಡೆ ಪಿಕಪ್, ಟ್ರೇಲರ್ ಎರಡನ್ನೂ ಒಟ್ಟಿಗೆ ತಗೊಳ್ಳೋದು. ಅವರ ಪಿಕಪ್‌ಗೆ ಹಿಚ್, ಅಂದರೆ ಟ್ರೇಲರ್ ಕಟ್ಟುವ ಜೋಡಣೆ, ಇರುತ್ತದೆ, ಟ್ರೇಲರ್ ಅವರೇ ಕಟ್ಟಿಕೊಡುತ್ತಾರೆ, ಲೈಟ್ ಹತ್ತುತ್ತಾ ಅಂತ ನೋಡುತ್ತಾರೆ. ಇನ್ಶೂರೆನ್ಸ್ ಕೂಡ ಅವರ ಹತ್ತಿರವೇ ಕೇಳಿ. ಪಿಕಪ್‌ಗೆ ಬೇರೆ, ಟ್ರೇಲರ್‌ಗೆ ಬೇರೆ ಇರುತ್ತದೆ. ನಿಮ್ಮ ಕಾರಿನ ಪಾಲಿಸಿ ಇದಕ್ಕೂ ಬರುತ್ತೆ ಅಂತ ನೀವೇ ಅಂದುಕೊಳ್ಳಬೇಡಿ, ಫೋನ್ ಮಾಡಿ ಕೇಳಿ. ಇನ್ನೊಂದು, ಬೋರ್ಡ್ ಮೇಲಿನ ದಿನದ ಬಾಡಿಗೆ ನೋಡಿ ಖುಷಿಪಡಬೇಡಿ. ಮೈಲಿಗಿಷ್ಟು ಅಂತ ಅದರ ಮೇಲೆ ಬೀಳುತ್ತದೆ. ಎರಡು ಟ್ರಿಪ್ ಅಂದರೆ ಹೋಗಿ ಬರಲು ಇನ್ನೂರು ಮೈಲಿ ಆಸುಪಾಸು ಆಗುತ್ತದೆ, ಲೆಕ್ಕ ಹಾಕಿಕೊಳ್ಳಿ.

ಮಧ್ಯೆ ಒಂದು ಮಾತು. ದೊಡ್ಡ ಬಾಕ್ಸ್ ಟ್ರಕ್ ಓಡಿಸಲು ಭಯ, ಅದಕ್ಕೇ ಪಿಕಪ್ ಅಂತ ಬರೆದಿದ್ದೀರಿ. ಪಿಕಪ್ ಮತ್ತು 12 ಅಡಿಯ ಟ್ರೇಲರ್ ಸೇರಿದರೆ 15 ಅಡಿಯ ಬಾಕ್ಸ್ ಟ್ರಕ್‌ಗಿಂತ ಉದ್ದ. ಸಾಲದ್ದಕ್ಕೆ ನಡುವೆ ಬಾಗುತ್ತದೆ. ನನ್ನನ್ನು ಕೇಳಿದರೆ ನಿಮಗೆ ಬಾಕ್ಸ್ ಟ್ರಕ್ಕೇ ಸುಲಭ, ಒಂದೇ ಟ್ರಿಪ್‌ನಲ್ಲಿ ಮುಗಿಯಲೂಬಹುದು. ಆದರೂ ಟ್ರೇಲರೇ ಸರಿ ಅಂದರೆ ಮುಂದೆ ಓದಿ.

ಟ್ರೇಲರ್ ಕೂರುವ ಕಬ್ಬಿಣದ ಗುಂಡನ್ನು ಬಾಲ್ ಅನ್ನುತ್ತಾರೆ. ಸಾಮಾನ್ಯವಾಗಿ ಸಿಗುವುದು ಮೂರು ಅಳತೆ: ಒಂದೂ ಏಳೆಂಟಾಂಶ ಇಂಚು, 2 ಇಂಚು, ಎರಡೂ ಐದು ಹದಿನಾರಂಶ ಇಂಚು. 2 ಇಂಚಿನ ಟ್ರೇಲರನ್ನು ಚಿಕ್ಕ ಬಾಲ್ ಮೇಲೆ ಕೂರಿಸಿದರೆ ಕೂತ ಹಾಗೇ ಕಾಣುತ್ತದೆ. ರಸ್ತೆಯಲ್ಲಿ ಒಂದು ಗುಂಡಿ ಬಂದಾಗ ಎಗರಿ ಆಚೆ ಬರುತ್ತದೆ. ಅವರೇ ಕಟ್ಟಿಕೊಟ್ಟರೂ ನೀವೊಮ್ಮೆ ಪರೀಕ್ಷೆ ಮಾಡಿ. ಕೊಂಡಿ ಹಾಕಿದ ಮೇಲೆ ಟ್ರೇಲರಿನ ಮೂತಿಯಲ್ಲಿರುವ ಜ್ಯಾಕನ್ನು ತಿರುಗಿಸಿ ಮೇಲಕ್ಕೆ ಎತ್ತಿ. ಪಿಕಪ್‌ನ ಹಿಂಭಾಗವೂ ಜೊತೆಗೆ ಏಳಬೇಕು. ಟ್ರೇಲರ್ ಒಂದೇ ಎದ್ದರೆ ಅದು ಕೂತಿಲ್ಲ ಅಂತ ಅರ್ಥ. ಎರಡು ಸರಪಳಿಗಳನ್ನು ನೇರವಾಗಿ ಹಾಕಬಾರದು, ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ ಹಾಕಬೇಕು. ಅಕಸ್ಮಾತ್ ಕೊಂಡಿ ಕಳಚಿದರೆ ಮೂತಿ ರಸ್ತೆಗೆ ನಾಟಿಕೊಳ್ಳದೆ ಸರಪಳಿಯ ತೊಟ್ಟಿಲಿಗೆ ಬೀಳುತ್ತದೆ.

ಇನ್ನು ಲೋಡಿಂಗ್. ಎಲ್ಲಕ್ಕಿಂತ ಮುಖ್ಯ ಇದು.

ನಮ್ಮೂರು ಮಂಡ್ಯದ ಕಡೆ. ಅಪ್ಪ ಎತ್ತಿನ ಗಾಡಿಗೆ ಗೊಬ್ಬರ ತುಂಬುವಾಗ ಆಗಾಗ ಮೂಕಿ ಹಿಡಿದು ಎತ್ತಿ ನೋಡುತ್ತಿದ್ದರು. ಹಿಂಭಾರ ಆದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ತೀರಾ ಮುಂಭಾರ ಆದರೆ ಹೆಗಲು ಕುಸಿಯುತ್ತದೆ. ಮೂಕಿ ಕೈಗೆ ಸ್ವಲ್ಪ ಭಾರ ಅನ್ನಿಸಬೇಕು, ಅಷ್ಟೇ. ಇಲ್ಲಿನವರು ಅದನ್ನೇ ಲೆಕ್ಕದಲ್ಲಿ ಹೇಳುತ್ತಾರೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಭಾರ ಮೂತಿಯ ಮೇಲೆ ಕೂರಬೇಕು. ಅದಕ್ಕಾಗಿ ಸಾಮಾನಿನ ತೂಕದಲ್ಲಿ ನೂರಕ್ಕೆ 60 ಪಾಲು ಟ್ರೇಲರಿನ ಮುಂದಿನ ಅರ್ಧದಲ್ಲಿರಲಿ ಎನ್ನುತ್ತಾರೆ.

6 ಅಡಿ ಅಗಲ 12 ಅಡಿ ಉದ್ದದ ಮುಚ್ಚಿದ ಟ್ರೇಲರ್ ತುಂಬಿದಾಗ 4,400 ಪೌಂಡ್‌ವರೆಗೆ ಇರಬಹುದು. ಅಂದರೆ ಮೂತಿಯ ಮೇಲೆ ಕಡಿಮೆ ಅಂದರೂ 440 ಪೌಂಡ್. ಅದು ಪಿಕಪ್ ಹೊರುವ ಭಾರದ ಲೆಕ್ಕಕ್ಕೂ ಸೇರುತ್ತದೆ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಸ್ಟಿಕ್ಕರ್ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಇಷ್ಟೇ ಪೌಂಡ್ ಅಂತ. ನೀವು, ಜೊತೆಗೆ ಬರುವ ಇಬ್ಬರು ಸ್ನೇಹಿತರು, ಹಿಂದಿನ ಡಬ್ಬದಲ್ಲಿ ಹೇರಿದ ಪುಸ್ತಕದ ಪೆಟ್ಟಿಗೆಗಳು, ಮೇಲೆ ಈ 440. ಎಲ್ಲ ಕೂಡಿಸಿ ನೋಡಿ.

ನಾನು ಈ ಲೆಕ್ಕ ತಪ್ಪಿದ್ದು ಹೇಗೆ ಗೊತ್ತಾ? ಮಂಚ, ಸೋಫಾ ಎಲ್ಲ ಮೊದಲು ಒಳಗೆ ಹೋದವು. ಅಡುಗೆಮನೆ ಕೊನೆಗೆ ಖಾಲಿಯಾಯಿತು. ಹಾಗಾಗಿ ಊರಿಂದ ತಂದ ಕಲ್ಲಿನ ಗ್ರೈಂಡರ್, ಸೋನಾ ಮಸೂರಿ ಅಕ್ಕಿ ಮೂಟೆಗಳು, ಕುಕ್ಕರ್‌ಗಳ ಪೆಟ್ಟಿಗೆ ಎಲ್ಲ ಬಾಗಿಲ ಹತ್ತಿರವೇ ಕೂತವು. ಶುದ್ಧ ಹಿಂಭಾರ. ಅಪ್ಪ ನೋಡಿದ್ದರೆ ಬಾರುಕೋಲು ತಗೋತಿದ್ದರು.

ಅವತ್ತು ಹೋಗಿದ್ದೂ ನೀವು ಹೋಗುವ ದಾರಿಯಲ್ಲೇ. 680 ಹೆದ್ದಾರಿ ಹಿಡಿದು ಸುನೋಲ್ ದಾಟಿ, 580ರಲ್ಲಿ ಲಿವರ್‌ಮೋರ್ ಮುಗಿದ ಮೇಲೆ ಆಲ್ಟಮಾಂಟ್ ಪಾಸ್ ಅನ್ನುವ ಗುಡ್ಡದ ಸಂದಿ ಬರುತ್ತದೆ. ಗುಡ್ಡದ ತುಂಬಾ ಗಾಳಿಯಂತ್ರಗಳು. 1980ರ ದಶಕದಿಂದ ಅಲ್ಲಿ ಅವನ್ನು ಸುಮ್ನೆ ನಿಲ್ಲಿಸಿಲ್ಲ. ಬೇಸಿಗೆಯಲ್ಲಿ ಆಚೆಗಿನ ಕಣಿವೆ ಕಾದ ಹಾಗೆ ಕಡಲ ಕಡೆಯ ತಣ್ಣನೆ ಗಾಳಿ ಈ ಸಂದಿಯಲ್ಲೇ ನುಗ್ಗುತ್ತದೆ, ಅದೂ ಮಧ್ಯಾಹ್ನದ ಮೇಲೆ ಜಾಸ್ತಿ. ನಾವು ಹೊರಟಿದ್ದು ಸಾಯಂಕಾಲ ಐದಕ್ಕೆ.

ಇಳಿಜಾರಿನಲ್ಲಿ ಸ್ಪೀಡ್ ಗಂಟೆಗೆ 60 ಮೈಲಿ ದಾಟಿತ್ತು. ಮೊದಲು ಸ್ಟಿಯರಿಂಗ್ ಕೈಯಲ್ಲಿ ಸಣ್ಣಗೆ ಎಳೆದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಆನೆ ಸೊಂಡಿಲು ಆಡಿಸಿದ ಹಾಗೆ. ಪ್ರತಿ ಸಲ ಇನ್ನೊಂದಿಷ್ಟು ಜಾಸ್ತಿ. ಪಕ್ಕದಲ್ಲಿದ್ದ ಹೆಂಡತಿ "ಬ್ರೇಕ್ ಹಾಕ್ರೀ" ಅಂದಳು. ಪುಣ್ಯಕ್ಕೆ ಹಾಕಲಿಲ್ಲ. ಕಾಲು ಆಕ್ಸಿಲರೇಟರಿನಿಂದ ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದು ಸುಮ್ಮನೆ ಕೂತೆ. ಅಲುಗಾಟಕ್ಕೆ ಸರಿಯಾಗಿ ಸ್ಟಿಯರಿಂಗ್ ತಿರುಗಿಸಲು ಹೋದರೆ ಇನ್ನೂ ಕೆಡುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನ ಗಾಡಿ ನಿಧಾನವಾಗಿ ಹಿಂದಿನದು ತಳ್ಳಿಕೊಂಡು ಬರುತ್ತದೆ. ಸ್ಪೀಡ್ 45ಕ್ಕೆ ಇಳಿದಾಗ ಟ್ರೇಲರ್ ತಾನಾಗಿ ನೆಟ್ಟಗಾಯಿತು. ಗ್ರ್ಯಾಂಟ್ ಲೈನ್ ರೋಡ್ ಎಕ್ಸಿಟ್ ತಗೊಂಡು ಪಕ್ಕಕ್ಕೆ ನಿಲ್ಲಿಸಿ, ಆ ಗಾಳಿಯಲ್ಲಿ ಅಕ್ಕಿ ಮೂಟೆಗಳನ್ನು ಒಂದೊಂದಾಗಿ ಪಿಕಪ್‌ಗೆ ಹೊತ್ತು ಹಾಕಿದೆವು. ಆಮೇಲೆ ಮನೆವರೆಗೂ ಟ್ರೇಲರ್ ಕುರಿಮರಿ ಹಾಗೆ ಬಂತು.

ಲೋಡಿಂಗ್ ಬಿಟ್ಟು ನನ್ನ ತಪ್ಪು ಅಲ್ಲಿ ಇನ್ನೂ ಎರಡು: ಸ್ಪೀಡ್ ಮತ್ತು ಹೊರಟ ಹೊತ್ತು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಯಾವ ಗಾಡಿಗೂ ಮಿತಿ ಗಂಟೆಗೆ 55 ಮೈಲಿ. ಬೋರ್ಡ್‌ನಲ್ಲಿ 65 ಅಂತ ಇರಲಿ, 70 ಅಂತ ಇರಲಿ, ನಿಮಗೆ 55. ಬಲಗಡೆಯ ಲೇನ್‌ನಲ್ಲೇ ಹೋಗಬೇಕು, ಕಾರ್‌ಪೂಲ್ ಲೇನ್ ನಿಮಗಿಲ್ಲ. ಹಿಂದಿನಿಂದ ಬರುವವರು ಗೊಣಗಿಕೊಂಡು ಹೋಗಲಿ ಬಿಡಿ. ಬೆಳಿಗ್ಗೆ ಬೇಗ ಹೊರಡಿ, ಎರಡನೇ ಟ್ರಿಪ್ ಕೂಡ ಮಧ್ಯಾಹ್ನದೊಳಗೆ ಆ ಪಾಸ್ ದಾಟಿರಲಿ. ಪಿಕಪ್‌ನಲ್ಲಿ ಟೋ ಹಾಲ್ ಅಂತ ಬಟನ್ ಇದ್ದರೆ ಒತ್ತಿಕೊಳ್ಳಿ. ಇಳಿಜಾರಿನಲ್ಲಿ ಗೇರ್ ಹಿಡಿದು ನಿಲ್ಲುತ್ತದೆ, ಬ್ರೇಕ್ ಕಾಯುವುದಿಲ್ಲ. ಮುಂದಿನ ಗಾಡಿಗೆ ದಿನಾ ಬಿಡುವುದಕ್ಕಿಂತ ಎರಡು ಪಟ್ಟು ಜಾಗ ಬಿಡಿ.

ರಿವರ್ಸ್ ಕಷ್ಟವಾ? ಹೌದು, ಒಂದು ಗಂಟೆ ಕಷ್ಟ. ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಒಂದು ಕೈ ಇಡಿ. ಟ್ರೇಲರ್ ಬಾಲ ಎಡಕ್ಕೆ ಹೋಗಬೇಕಾದರೆ ಆ ಕೈಯನ್ನು ಎಡಕ್ಕೆ ಸರಿಸಿ, ಬಲಕ್ಕಾದರೆ ಬಲಕ್ಕೆ. ತುಸು ತುಸುವೇ. ಮಡಚಿಕೊಳ್ಳುತ್ತಿದೆ ಅನ್ನಿಸಿದ ತಕ್ಷಣ ನಿಲ್ಲಿಸಿ ಮುಂದಕ್ಕೆ ಎಳೆಯಿರಿ, ನೆಟ್ಟಗಾಗುತ್ತದೆ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಹುಡುಗರು ಬೀಡಿ ಸೇದುತ್ತಾ ಮಾಡುವ ಕೆಲಸ ಇದು, ಅವರ ಬೆಲೆ ನನಗೆ ಗೊತ್ತಾಗಿದ್ದು ಇಲ್ಲಿ ಬಂದ ಮೇಲೆ. ಟ್ರೇಲರ್ ತಂದ ಬೆಳಿಗ್ಗೆ, ಸಾಮಾನು ತುಂಬುವ ಮುಂಚೆ, ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಆಡಿ ನೋಡಿ. ಹಿಂದೆ ನಿಂತು ಕೈ ತೋರಿಸಲು ಒಬ್ಬರೇ ಇರಲಿ. ಇಬ್ಬರು ನಿಂತರೆ ಇಬ್ಬರೂ ಬೇರೆ ಬೇರೆ ಕಡೆ ತೋರಿಸುತ್ತಾರೆ. ಪೆಟ್ರೋಲ್ ಹಾಕಿಸುವಾಗ ತೀರಾ ಅಂಚಿನ ಪಂಪ್ ಹುಡುಕಿ, ನೇರವಾಗಿ ಆಚೆ ಹೋಗುವಂತಿರಬೇಕು.

ಅಂದ ಹಾಗೆ ನಿಮ್ಮ ಮನೆಯಲ್ಲೂ ಕಲ್ಲಿನ ಗ್ರೈಂಡರ್ ಇದ್ದರೆ ಅದನ್ನು ಟ್ರೇಲರಿಗೆ ಹಾಕಲೇಬೇಡಿ. ಕಲ್ಲು ಬೇರೆ, ಪಾತ್ರೆ ಬೇರೆ ಮಾಡಿ, ಹಳೆ ಟವೆಲ್ ಸುತ್ತಿ, ಮನೆಯವರು ತರುವ ಕಾರಿನಲ್ಲಿ ಸೀಟಿನ ಕೆಳಗೆ ಇಡಿ. ನಮ್ಮದು ಆವತ್ತಿನ ಕುಲುಕಾಟಕ್ಕೆ ಅಂಚು ಒಡೆದುಕೊಂಡಿತು. ಈಗಲೂ ಅದರಲ್ಲೇ ದೋಸೆ ಹಿಟ್ಟು ರುಬ್ಬುತ್ತೇವೆ, ಒಂದು ಕಡೆ ಟಕ್ ಟಕ್ ಅನ್ನುತ್ತೆ.