ಜಿಆರ್‌ಇಗೆ ಪದಗಳ ಪಟ್ಟಿ ಬಾಯಿಪಾಠ ಮಾಡಬೇಕಾ?

ವಿದೇಶದಲ್ಲಿ ಉನ್ನತ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಅಂತ ದಿನಕ್ಕೆ 30 ಇಂಗ್ಲಿಷ್ ಪದಗಳ ಅರ್ಥ ಬಾಯಿಪಾಠ ಮಾಡುತ್ತಿದ್ದೀರಿ, ಇದಕ್ಕಿಂತ ಒಳ್ಳೆಯ ಪಟ್ಟಿ ಯಾವುದು ಅಂತ ಕೇಳಿದ್ದೀರಿ. ನಾನೂ ಹೀಗೇ ಮಾಡಿದವನು. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಸೀನಿಯರ್ ಒಬ್ಬರು ದಪ್ಪ ಪುಸ್ತಕ ಕೊಟ್ಟಿದ್ದರು. ಎಡಗಡೆ ಪದ, ಬಲಗಡೆ ಚುಟುಕು ಅರ್ಥ. ಹಾಸ್ಟೆಲ್ ಕಾರಿಡಾರಿನಲ್ಲಿ ಓಡಾಡುತ್ತಾ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ.

ಅದರಲ್ಲಿ 'ಆಸ್ಟೆನ್ಸಿಬಲ್' ಎದುರು 'ಅಪ್ಯಾರೆಂಟ್' ಅಂತ ಇತ್ತು. ಅಪ್ಯಾರೆಂಟ್ ಅಂದರೆ ಸ್ಪಷ್ಟ ಅಂತ ನನಗೆ ಗೊತ್ತಿತ್ತಲ್ಲ. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಕಳಿಸಿದ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ (ಏನು ಓದಬೇಕು, ಯಾಕೆ ಅಂತ ಅರ್ಜಿಯ ಜೊತೆ ಬರೆದುಕೊಡುವ ಪ್ರಬಂಧ) 'ನನ್ನ ಆಸ್ಟೆನ್ಸಿಬಲ್ ಗುರಿ ಸಂಶೋಧನೆ' ಅಂತ ಬರೆದೆ. ಗುರಿ ಸ್ಪಷ್ಟವಾಗಿದೆ ಅನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು. ಓದುವವರಿಗೆ ಅದು 'ಹೇಳಿಕೊಳ್ಳೋಕೆ ಸಂಶೋಧನೆ, ಒಳಗಿನ ಉದ್ದೇಶ ಬೇರೆ' ಅಂತ ಆಗುತ್ತದೆ. ಅಪ್ಯಾರೆಂಟ್‌ಗೆ ಎರಡು ಅರ್ಥ: ಸ್ಪಷ್ಟವಾದದ್ದು, ಮತ್ತು ಮೇಲ್ನೋಟಕ್ಕೆ ಹಾಗೆ ಕಾಣುವುದು. ಪುಸ್ತಕ ಹೇಳಿದ್ದು ಎರಡನೆಯದನ್ನು, ನಾನು ಹಿಡಿದುಕೊಂಡದ್ದು ಮೊದಲನೆಯದನ್ನು. ಅರ್ಥವನ್ನು ಹೇಳೋಕೆ ಬಳಸಿದ ಪದಕ್ಕೇ ಎರಡು ಮುಖ ಇದ್ದರೆ ಬರೀ ಅರ್ಥ ಓದಿದವರಿಗೆ ಗೊತ್ತಾಗುವುದು ಹೇಗೆ? ಪಕ್ಕದಲ್ಲಿ ಒಂದೇ ಒಂದು ವಾಕ್ಯ ಇದ್ದಿದ್ದರೂ ಸಾಕಿತ್ತು. ನಮ್ಮ ಮೇಡಂ ಒಬ್ಬರು ಓದಿ ಆ ಸಾಲಿಗೆ ಗೆರೆ ಎಳೆಯುವ ಹೊತ್ತಿಗೆ ಅರ್ಜಿ ಹೋಗಿತ್ತು, ಫೀಸೂ ಕಟ್ಟಿಯಾಗಿತ್ತು. ಸೀಟು ಸಿಗಲಿಲ್ಲ. ಬೇರೆ ಕಾರಣವೂ ಇರಬಹುದು. ಆದರೆ ಮೊದಲ ಪ್ಯಾರಾದಲ್ಲೇ ಅಂಥ ಸಾಲಿದ್ದರೆ ಯಾರು ತಾನೇ ನಂಬುತ್ತಾರೆ, ಹೇಳಿ?

ಹಾಗಾಗಿ ಯಾವ ಪಟ್ಟಿ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಿರುದ್ಧ ಪದ, ಅನಾಲಜಿ (ಪದಜೋಡಿಗಳ ಸಂಬಂಧ ಹೋಲಿಸುವುದು) ಕೇಳುತ್ತಿದ್ದ ಹಳೇ ಜಿಆರ್‌ಇ 2011ರ ಆಗಸ್ಟ್‌ನಲ್ಲೇ ಹೋಯಿತು. ಈಗ ಅವುಗಳ ಬದಲು ಇರುವುದು ವಾಕ್ಯದಲ್ಲಿ ಬಿಟ್ಟ ಸ್ಥಳ ತುಂಬುವುದು. ಸೆಂಟೆನ್ಸ್ ಈಕ್ವಿವಲೆನ್ಸ್ ಅನ್ನುವ ಪ್ರಶ್ನೆಯಲ್ಲಿ ಒಂದೇ ಬಿಟ್ಟ ಸ್ಥಳಕ್ಕೆ 6 ಆಯ್ಕೆಗಳಲ್ಲಿ 2 ಆರಿಸಬೇಕು, ಯಾವುದನ್ನು ಹಾಕಿದರೂ ವಾಕ್ಯದ ಅರ್ಥ ಒಂದೇ ಆಗಬೇಕು. ಒಂದೇ ಅರ್ಥದ ಜೋಡಿ ಕಣ್ಣಿಗೆ ಬೀಳುತ್ತದೆ, ಆದರೆ ಎಷ್ಟೋ ಸಲ ಅದು ಆ ವಾಕ್ಯಕ್ಕೆ ಹೊಂದುವುದೇ ಇಲ್ಲ. ಬರೀ ಪಟ್ಟಿ ಓದಿದವರು ಎಡವುವುದು ಅಲ್ಲೇ.

ಪುಸ್ತಕ ಪಕ್ಕಕ್ಕಿಟ್ಟು ಲಾಂಗ್‌ಮನ್‌ನ ಕಲಿಯುವವರ ನಿಘಂಟು ತೆಗೆಯಿರಿ. ಆನ್‌ಲೈನ್‌ನಲ್ಲಿ ಉಚಿತವಾಗಿದೆ. ಸುಮಾರು 2000 ಸರಳ ಪದಗಳನ್ನೇ ಬಳಸಿ ಅರ್ಥ ಹೇಳುತ್ತದೆ, ಜೊತೆಗೆ ವಾಕ್ಯಗಳೂ ಇರುತ್ತವೆ. ದಿನಕ್ಕೆ 30 ಜಾಸ್ತಿಯಾಯಿತು, ಆರೇಳು ಸಾಕು. ಮೊದಲು ವಾಕ್ಯ ಓದಿ, ಅರ್ಥ ಊಹಿಸಿ, ಆಮೇಲೆ ವಿವರಣೆ ನೋಡಿ. ಕೊನೆಗೆ ನಿಮ್ಮದೇ ಒಂದು ವಾಕ್ಯ ಬರೆದು, ಇಂಗ್ಲಿಷ್ ಚೆನ್ನಾಗಿ ಬಲ್ಲ ಯಾರಿಗಾದರೂ ತೋರಿಸಿ.